ಸ್ಪೇನಿಗೆ ತಪ್ಪಿದ ಜಾಗ

2006ರ ಆಗಸ್ಟ್ ಕೊನೆಯಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಮಹಿಳಾ ರಗ್ಬಿ ವಿಶ್ವಕಪ್ ಶುರುವಾಯಿತು. ಹನ್ನೆರಡು ತಂಡಗಳು ಬಂದಿದ್ದವು. ಅವುಗಳಲ್ಲಿ ಸ್ಪೇನ್ ಇತ್ತು, ಇಟಲಿ ಇರಲಿಲ್ಲ. ಕೆಲವೇ ತಿಂಗಳ ನಂತರ, 2007ರಲ್ಲಿ, ಯುರೋಪಿನ ಆರು ರಾಷ್ಟ್ರಗಳು ವರ್ಷಕ್ಕೊಮ್ಮೆ ಆಡುವ ಮಹಿಳಾ ಸಿಕ್ಸ್ ನೇಷನ್ಸ್ ಪಂದ್ಯಾವಳಿಯ ಆ ವರ್ಷದ ಆವೃತ್ತಿ ಆರಂಭವಾದಾಗ ಇಟಲಿ ಒಳಗಿತ್ತು, ಸ್ಪೇನ್ ಹೊರಗಿತ್ತು. ಸ್ಪೇನಿನ ಆಟಗಾರ್ತಿಯರು ಆ ಜಾಗವನ್ನು ಮೈದಾನದಲ್ಲಿ ಸೋತು ಕಳೆದುಕೊಂಡಿರಲಿಲ್ಲ. ಪುರುಷರ ಸಿಕ್ಸ್ ನೇಷನ್ಸ್‌ನಲ್ಲಿ 2000ರಿಂದ ಇಟಲಿ ಆಡುತ್ತಿತ್ತು. ಮಹಿಳೆಯರ ಪಟ್ಟಿಯೂ ಅದಕ್ಕೆ ಸರಿಹೊಂದಬೇಕು ಎಂಬುದೇ ಬದಲಾವಣೆಗೆ ಕಾರಣ. 2000ದಿಂದ 2006ರವರೆಗೆ ಏಳು ವರ್ಷ ಸತತವಾಗಿ ಆಡಿದ್ದ, 2002ರಲ್ಲಿ ಬಾರ್ಸಿಲೋನಾದಲ್ಲಿ ವಿಶ್ವಕಪ್ಪನ್ನೇ ನಡೆಸಿಕೊಟ್ಟಿದ್ದ ತಂಡವೊಂದು ತನ್ನ ದೇಶದ ಗಂಡಸರು ಬೇರೊಂದು ಪಂದ್ಯಾವಳಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಜಾಗ ಬಿಡಬೇಕಾಯಿತು. ಹೊರಗಿನವರಿಗೆ ಇದು ಆಡಳಿತದ ಸಣ್ಣ ಹೊಂದಾಣಿಕೆಯಾಗಿ ಕಂಡಿರಬಹುದು. ಆದರೆ ಈ ಪಂದ್ಯಾವಳಿಯ ಮೂವತ್ತು ವರ್ಷಗಳ ಕಥೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಮಹಿಳಾ ಸಿಕ್ಸ್ ನೇಷನ್ಸ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಬಗೆ ಒಂದಿದೆ. 1883ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ನಡುವೆ ಶುರುವಾದ ಪುರುಷರ ಪಂದ್ಯಾವಳಿ ಮೊದಲು ಬೆಳೆಯಿತು; ಅದರ ಹೆಸರು, ಅದರ ಹಣ, ಅದರ ಕ್ರೀಡಾಂಗಣಗಳ ಆಸರೆಯಲ್ಲಿ ಮಹಿಳೆಯರ ಪಂದ್ಯಾವಳಿ ತಡವಾಗಿ ಚಿಗುರಿತು; ವೃತ್ತಿಪರತೆ ಬಂದ ಮೇಲೆ ಹೂ ಬಿಟ್ಟಿತು ಎಂಬುದು ಆ ಕಥೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಘಟನೆಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಮಹಿಳೆಯರು ತಮ್ಮ ಆಟದ ಅಗತ್ಯಕ್ಕೆ ತಕ್ಕಂತೆ ತೀರ್ಮಾನ ತೆಗೆದುಕೊಂಡಾಗಲೆಲ್ಲ ಈ ಪಂದ್ಯಾವಳಿ ಮುಂದೆ ಹೋಗಿದೆ. ಪುರುಷರ ಪಂದ್ಯಾವಳಿಯ ಅಚ್ಚಿಗೆ ಅದನ್ನು ಸುರಿದಾಗಲೆಲ್ಲ ಯಾರೋ ಒಬ್ಬರು ಬೆಲೆ ತೆತ್ತಿದ್ದಾರೆ. ಆ ಬೆಲೆ ತೆತ್ತವರಲ್ಲಿ ಮೊದಲಿಗರು ಸ್ಪೇನಿನವರು. ಈ ಮಾತನ್ನು ಸಾಧಿಸಬೇಕಾದರೆ ಪಂದ್ಯಾವಳಿ ಹುಟ್ಟುವ ಮೊದಲಿನ ಕಾಲಕ್ಕೆ ಹೋಗಬೇಕು.

ರಗ್ಬಿ ಮೈಗೆ ಮೈ ತಾಗಿಸಿ ಆಡುವ ಆಟ. ಒಂದೊಂದು ಕಡೆ ಹದಿನೈದು ಜನ. ಅವರಲ್ಲಿ ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು, ಎದುರಾಳಿಗಳನ್ನು ನೂಕುವ ಸ್ಕ್ರಮ್ ಎಂಬ ವ್ಯೂಹವೇ ಆಟದ ಬೆನ್ನೆಲುಬು. ಚೆಂಡು ಹಿಡಿದು ಓಡುವವಳನ್ನು ಸೊಂಟಕ್ಕೆ ಕೈಹಾಕಿ ಕೆಡವುವುದು ನಿಯಮದ ಒಳಗೇ ಇದೆ. ಹೆಂಗಸರ ಮೈಗೆ ಇದು ಒಗ್ಗದು, ನೋಡುವವರ ಕಣ್ಣಿಗೆ ಇದು ಸಲ್ಲದು ಎಂಬ ಮಾತು ಬಹುಕಾಲ ನಡೆಯಿತು. ಆದರೂ ಆಡಿದವರಿದ್ದರು. ಮೊದಲ ಮಹಾಯುದ್ಧದ ನಡುವೆ, 1917ರ ಡಿಸೆಂಬರ್‌ನಲ್ಲಿ, ವೇಲ್ಸ್‌ನ ಕಾರ್ಡಿಫ್ ಆರ್ಮ್ಸ್ ಪಾರ್ಕ್‌ನಲ್ಲಿ ಕಾರ್ಡಿಫ್ ಮತ್ತು ನ್ಯೂಪೋರ್ಟ್‌ನ ಮಹಿಳಾ ತಂಡಗಳು ಮುಖಾಮುಖಿಯಾಗಿದ್ದವು. ಫ್ರಾನ್ಸ್‌ನ ಮಹಿಳೆಯರು 1970ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಎರಡೇ ವರ್ಷಕ್ಕೆ, 1972ರಲ್ಲಿ, ಅಲ್ಲಿನ ಸರ್ಕಾರದ ಕ್ರೀಡಾ ನಿರ್ದೇಶಕರಾಗಿದ್ದ ಮಾರ್ಸೊ ಕ್ರೆಸ್ಪ್ಯಾಂ, ಈ ಆಟ ಮಹಿಳೆಯರಿಗೆ ದೈಹಿಕವಾಗಿಯೂ ನೈತಿಕವಾಗಿಯೂ ಅಪಾಯಕಾರಿ, ಅದಕ್ಕೆ ನೆರವು ಕೊಡಕೂಡದು ಎಂದು ಸೂಚಿಸಿದರು. ಫ್ರೆಂಚ್ ರಗ್ಬಿ ಒಕ್ಕೂಟ ಮಹಿಳೆಯರನ್ನು ಒಳಗೆ ಸೇರಿಸಿಕೊಂಡದ್ದು 1989ರಲ್ಲಿ. ನಡುವಿನ ಆ ಹದಿನೇಳು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. 1982ರ ಜೂನ್ 13ರಂದು ನೆದರ್ಲೆಂಡ್ಸ್‌ನ ಊಟ್ರೆಕ್ಟ್‌ನಲ್ಲಿ ಆತಿಥೇಯರನ್ನು 4-0ಯಿಂದ ಮಣಿಸಿದ್ದು ಇದೇ ಫ್ರೆಂಚ್ ಮಹಿಳೆಯರು. ಮಹಿಳೆಯರ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ಎಂದು ದಾಖಲೆಯಲ್ಲಿರುವುದು ಅದೇ. ಮರುವರ್ಷ ಬ್ರಿಟನ್ನಿನ ಆಟಗಾರ್ತಿಯರೂ ತಮ್ಮದೇ ಮಹಿಳಾ ರಗ್ಬಿ ಒಕ್ಕೂಟ ಸ್ಥಾಪಿಸಿಕೊಂಡರು. ಇಷ್ಟು ಹೊತ್ತಿಗೆ ಪುರುಷರ ಪಂದ್ಯಾವಳಿಗೆ ನೂರು ವರ್ಷ ತುಂಬಿತ್ತು. ಅಲ್ಲಿಂದ ಮಹಿಳೆಯರ ಕಡೆಗೆ ಚಾಚಿದ ಕೈ ಒಂದೂ ಇರಲಿಲ್ಲ.

1991ರಲ್ಲಿ ಲಂಡನ್ನಿನ ರಿಚ್ಮಂಡ್ ಕ್ಲಬ್ಬಿನ ನಾಲ್ವರು ಮಹಿಳೆಯರು, ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಆಲಿಸ್ ಕೂಪರ್ ಮತ್ತು ಮೇರಿ ಫಾರ್ಸಿತ್, ವೇಲ್ಸ್‌ನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಸಿದರು. ಅಂತರರಾಷ್ಟ್ರೀಯ ರಗ್ಬಿ ಮಂಡಳಿಯ ಮಾನ್ಯತೆ ಅದಕ್ಕಿರಲಿಲ್ಲ. ದೊಡ್ಡ ಪ್ರಾಯೋಜಕರಿರಲಿಲ್ಲ. ಸೋವಿಯತ್ ತಂಡ ಬಂದಿಳಿದಾಗ ಅವರ ಕೈಯಲ್ಲಿ ಹಣವೇ ಇರಲಿಲ್ಲ. ವೋಡ್ಕಾ ಬಾಟಲಿ, ಮೀನಿನ ಮೊಟ್ಟೆಯ ಡಬ್ಬಿಗಳನ್ನು ಹೊತ್ತು ತಂದಿದ್ದರು. ಅವನ್ನು ಮಾರಿ ಊಟ ವಸತಿಯ ಖರ್ಚು ತೂಗಿಸುವುದು ಅವರ ಲೆಕ್ಕಾಚಾರ. ಸುಂಕದ ಅಧಿಕಾರಿಗಳು ವಿಚಾರಿಸಲು ಬಂದ ಮೇಲೆ ಸುದ್ದಿ ಹರಡಿ, ಅಲ್ಲಿನ ಜನರೇ ಅವರ ನೆರವಿಗೆ ನಿಂತರು. ಫೈನಲ್‌ನಲ್ಲಿ ಅಮೆರಿಕ 19-6ರಿಂದ ಇಂಗ್ಲೆಂಡನ್ನು ಸೋಲಿಸಿತು. ಎರಡನೆಯ ವಿಶ್ವಕಪ್ 1994ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆಗಬೇಕಿತ್ತು. ಮಂಡಳಿಯ ಬೆಂಬಲ ಸಿಗದೆ ಅದು ಕೈಬಿಟ್ಟಾಗ ಸ್ಕಾಟ್ಲೆಂಡಿನ ಆಟಗಾರ್ತಿಯರು ಕೆಲವೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಅದನ್ನು ನಡೆಸಿಕೊಟ್ಟರು. ತಂಡಗಳ ಸಂಖ್ಯೆ ಸರಿಹೊಂದಿಸಲು ಸ್ಕಾಟ್ಲೆಂಡಿನ ವಿದ್ಯಾರ್ಥಿನಿಯರ ತಂಡವೊಂದನ್ನೂ ಕಣಕ್ಕಿಳಿಸಿದರು. 1871ರಲ್ಲಿ ಪುರುಷರ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದಿದ್ದ ರೇಬರ್ನ್ ಪ್ಲೇಸ್ ಮೈದಾನದಲ್ಲಿಯೇ ಇಂಗ್ಲೆಂಡ್ ಅಮೆರಿಕವನ್ನು 38-23ರಿಂದ ಸೋಲಿಸಿ ಸೇಡು ತೀರಿಸಿಕೊಂಡಿತು. ಸಿಕ್ಸ್ ನೇಷನ್ಸ್‌ಗೆ ಬುನಾದಿ ಬಿದ್ದದ್ದು ಇಲ್ಲಿ. ಅನುಮತಿಗೆ ಕಾಯದೆ ಪಂದ್ಯ ನಡೆಸಬಲ್ಲ, ಊಟ ವಸತಿ ರೆಫರಿ ಎಲ್ಲವನ್ನೂ ಹೊಂದಿಸಬಲ್ಲ ಮಹಿಳೆಯರ ಒಂದು ಬಳಗ ಈ ಎರಡು ವಿಶ್ವಕಪ್‌ಗಳಿಂದ ತಯಾರಾಗಿತ್ತು.

ಆ ಬಳಗದಿಂದಲೇ 1996ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ವಾರ್ಷಿಕ ಪಂದ್ಯಾವಳಿ ಹುಟ್ಟಿತು. ಈ ಇಸವಿಯನ್ನು ಗಮನಿಸಬೇಕು. ಹಿಂದಿನ ವರ್ಷದ ಆಗಸ್ಟ್‌ನಲ್ಲಷ್ಟೇ ಪುರುಷರ ರಗ್ಬಿ ಹವ್ಯಾಸಿತನವನ್ನು ಬಿಟ್ಟು ವೃತ್ತಿಪರವಾಗಿತ್ತು. ಒಕ್ಕೂಟಗಳ ಗಮನವೆಲ್ಲ ಗಂಡಸರ ಸಂಬಳ, ಟೆಲಿವಿಷನ್ ಒಪ್ಪಂದಗಳ ಕಡೆಗೆ ತಿರುಗಿದ್ದ ಹೊತ್ತಿನಲ್ಲಿ ಮಹಿಳೆಯರು ಸಂಬಳವಿಲ್ಲದೆ ಆಡಲು ಶುರು ಮಾಡಿದರು. ಮೊದಲೆರಡು ವರ್ಷ ಇಂಗ್ಲೆಂಡ್ ಗೆದ್ದಿತು. 1998ರಲ್ಲಿ ಸ್ಕಾಟ್ಲೆಂಡ್ ಎಲ್ಲ ಪಂದ್ಯಗಳನ್ನೂ ಗೆದ್ದು ಗ್ರ್ಯಾಂಡ್ ಸ್ಲಾಮ್ ಸಾಧಿಸಿತು. ಅದು ಅವರ ಮೊದಲ ಪ್ರಶಸ್ತಿ, 2025ರವರೆಗಿನ ಲೆಕ್ಕದಲ್ಲಿ ಅದೊಂದೇ ಪ್ರಶಸ್ತಿ. 1999ರಲ್ಲಿ ಫ್ರಾನ್ಸ್ ಸೇರಿತು. ಮರುವರ್ಷ ಐರ್ಲೆಂಡ್ ಹಿಂದೆ ಸರಿದಾಗ ಆ ಜಾಗಕ್ಕೆ ಬಂದದ್ದು ಸ್ಪೇನ್. ಅದೇ 2000ದಲ್ಲಿ ಪುರುಷರ ಪಂದ್ಯಾವಳಿ ಇಟಲಿಯನ್ನು ಸೇರಿಸಿಕೊಂಡು ಸಿಕ್ಸ್ ನೇಷನ್ಸ್ ಆಯಿತು. 2002ರಲ್ಲಿ ಐರ್ಲೆಂಡ್ ಮರಳಿದಾಗ ಮಹಿಳೆಯರದ್ದೂ ಆರು ರಾಷ್ಟ್ರಗಳ ಪಂದ್ಯಾವಳಿಯಾಯಿತು, ಆದರೆ ಆರನೆಯದು ಸ್ಪೇನ್. ಒಂದೇ ಹೆಸರು, ಎರಡು ಬೇರೆ ಪಟ್ಟಿ. ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಗಂಡಸರ ಪಟ್ಟಿ ಅವರ ಆಟ ಎಲ್ಲಿ ಬೇರುಬಿಟ್ಟಿತ್ತೋ ಅದನ್ನು ಹೇಳುತ್ತಿತ್ತು. ಹೆಂಗಸರ ಪಟ್ಟಿ ಅವರ ಆಟ ಎಲ್ಲಿ ಬೇರುಬಿಟ್ಟಿತ್ತೋ ಅದನ್ನು ಹೇಳುತ್ತಿತ್ತು. 2002, 2004, 2005ರಲ್ಲಿ ಫ್ರಾನ್ಸ್ ಗೆದ್ದು ಇಂಗ್ಲೆಂಡಿನ ಹಿಡಿತ ಸಡಿಲಿಸಿದ್ದು ಈ ಕಾಲದಲ್ಲೇ.

2007ರ ಬದಲಾವಣೆಯಿಂದ ಕಳೆದುಹೋದದ್ದು ಈ ಸ್ವಂತ ಲೆಕ್ಕ. ಆಮೇಲಿನ ಹದಿನಾಲ್ಕು ವರ್ಷ ಮಹಿಳೆಯರ ಪಂದ್ಯಾವಳಿ ತಂಡಗಳ ಪಟ್ಟಿಯಲ್ಲೂ ದಿನಾಂಕದಲ್ಲೂ ಪುರುಷರ ಪಂದ್ಯಾವಳಿಯ ಪಡಿಯಚ್ಚಾಯಿತು. ಫೆಬ್ರುವರಿ ಮಾರ್ಚ್‌ನ ಅದೇ ವಾರಾಂತ್ಯಗಳು, ಅದೇ ಎದುರಾಳಿಗಳು. ಶನಿವಾರ ಗಂಡಸರ ಪಂದ್ಯಕ್ಕೆ ಇಡೀ ದೇಶ ಟೀವಿ ಮುಂದೆ ಕೂತಿರುತ್ತಿತ್ತು. ಶುಕ್ರವಾರ ರಾತ್ರಿ ಇಲ್ಲವೇ ಭಾನುವಾರ ಯಾವುದಾದರೂ ಸಣ್ಣ ಕ್ಲಬ್ ಮೈದಾನದಲ್ಲಿ ಹೆಂಗಸರ ಪಂದ್ಯ ನಡೆಯುತ್ತಿತ್ತು. ಕೆಲವೊಮ್ಮೆ ದೊಡ್ಡ ಕ್ರೀಡಾಂಗಣದಲ್ಲಿ ಗಂಡಸರ ಪಂದ್ಯ ಮುಗಿದ ಮೇಲೆ ಅವರನ್ನು ಆಡಿಸಿದ್ದೂ ಉಂಟು. ಬಂದ ಜನ ಎದ್ದು ಹೋಗುತ್ತಿರುವಾಗ ರಾಷ್ಟ್ರಗೀತೆಗೆ ಸಾಲುಗಟ್ಟಿ ನಿಲ್ಲಬೇಕಾದ ಸ್ಥಿತಿ ಅದು. ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ದುಡಿಯುವವರು ರಜೆ ಹಾಕಿ ದೇಶಕ್ಕಾಗಿ ಆಡಿ ಸೋಮವಾರ ಕೆಲಸಕ್ಕೆ ಮರಳುತ್ತಿದ್ದರು. ಸ್ಕಾಟ್ಲೆಂಡಿನ ಡೋನಾ ಕೆನಡಿ 115 ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಇಂಥ ಹವ್ಯಾಸಿ ಕಾಲದಲ್ಲಿ. ಈ ಪಂದ್ಯಾವಳಿ ಉಳಿದದ್ದು ಇಂಥವರ ಹಟದಿಂದ. ವೇಳಾಪಟ್ಟಿಯ ಅನುಕರಣೆಯಿಂದ ಅವರಿಗೆ ಪ್ರೇಕ್ಷಕರೂ ಬರಲಿಲ್ಲ, ಪ್ರಾಯೋಜಕರೂ ಬರಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಇಟಲಿಯನ್ನು ತಂದದ್ದು ತಪ್ಪಾಗಿದ್ದರೆ ಇಟಲಿ ಇಷ್ಟು ಬೆಳೆದದ್ದು ಹೇಗೆ? 2019ರಲ್ಲಿ ಇಟಲಿಯ ಮಹಿಳೆಯರು ಪಂದ್ಯಾವಳಿಯಲ್ಲಿ ಎರಡನೆಯ ಸ್ಥಾನ ಪಡೆದರು. ಗಂಡಸರ ತಂಡ ಇಂದಿಗೂ ಮುಟ್ಟದ ಎತ್ತರ ಅದು. 2022ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅಮೆರಿಕವನ್ನೂ ಜಪಾನನ್ನೂ ಸೋಲಿಸಿ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿದರು. ಇದನ್ನು ಮರೆಮಾಚುವ ಅಗತ್ಯವಿಲ್ಲ; ಇಟಲಿಯ ಆಟಗಾರ್ತಿಯರು ತಮ್ಮ ಜಾಗವನ್ನು ಬೆವರು ಸುರಿಸಿ ಸಾರ್ಥಕ ಮಾಡಿಕೊಂಡರು. ಆದರೆ ಈ ಸಾಧನೆ ಏನನ್ನು ಸಾಬೀತು ಮಾಡುತ್ತದೆ? ವರ್ಷಕ್ಕೆ ಐದು ಬಿಗಿಯಾದ ಪಂದ್ಯ ಖಚಿತವಾಗಿ ಸಿಕ್ಕರೆ ಯಾವ ತಂಡವಾದರೂ ಬೆಳೆಯುತ್ತದೆ ಎಂಬುದನ್ನು. ಆ ಐದು ಪಂದ್ಯ ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್ ಸಾಕ್ಷಿ. ಅಂಥ ಪಂದ್ಯಗಳಿಲ್ಲದೆ ಉಳಿದ ಈ ತಂಡ ಕೂಡ 2021ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪಾರ್ಮಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಐರ್ಲೆಂಡನ್ನು 8-7ರಿಂದ ಮಣಿಸಿತು. ಹದಿನಾಲ್ಕು ವರ್ಷ ಸಿಕ್ಸ್ ನೇಷನ್ಸ್ ಆಡಿರದವರು, ಆ ಹದಿನಾಲ್ಕು ವರ್ಷದಲ್ಲಿ ಎರಡು ಸಲ ಅದನ್ನು ಗೆದ್ದವರನ್ನು ಸೋಲಿಸಿದರು. ಅರ್ಹತೆ ಮಾತ್ರ ಸ್ಪೇನಿಗೂ ಸಿಗಲಿಲ್ಲ, ಐರ್ಲೆಂಡಿಗೂ ಸಿಗಲಿಲ್ಲ. ಇಟಲಿಗೆ ಕೊಟ್ಟದ್ದು ಸರಿ, ಅದಕ್ಕಾಗಿ ಸ್ಪೇನಿನಿಂದ ಕಿತ್ತದ್ದು ತಪ್ಪು, ಮತ್ತೆ ಗೆದ್ದು ಒಳಬರುವ ದಾರಿಯನ್ನೇ ಇಡದಿದ್ದದ್ದು ಇನ್ನೂ ದೊಡ್ಡ ತಪ್ಪು.

ಐರ್ಲೆಂಡಿನ ಕಥೆಯನ್ನೂ ಇಲ್ಲಿ ಹತ್ತಿರದಿಂದ ನೋಡಬೇಕು. ಅನುಕರಣೆಯ ಕಾಲದಲ್ಲೂ ದೊಡ್ಡ ಸಾಧನೆ ಸಾಧ್ಯವಿತ್ತಲ್ಲ ಎಂದು ಕೇಳುವವರು ಮೊದಲು ತೋರಿಸುವುದು 2013ರ ಐರ್ಲೆಂಡನ್ನೇ. ಆ ಫೆಬ್ರುವರಿಯಲ್ಲಿ ಆಶ್‌ಬೋರ್ನ್ ಎಂಬ ಸಣ್ಣ ಊರಿನಲ್ಲಿ ಅವರು ಇಂಗ್ಲೆಂಡನ್ನು 25-0ಯಿಂದ ಸೋಲಿಸಿದರು. ಅದಕ್ಕೂ ಮೊದಲು ಐರ್ಲೆಂಡ್ ಇಂಗ್ಲೆಂಡನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಕೊನೆಯ ಪಂದ್ಯ ಮಾರ್ಚ್ 17ರಂದು, ಅವರ ನಾಡಹಬ್ಬವಾದ ಸಂತ ಪ್ಯಾಟ್ರಿಕ್‌ನ ದಿನ, ಇಟಲಿಯ ಮಿಲಾನ್ ಬಳಿಯ ಪರಬಿಯಾಗೊದಲ್ಲಿ. ಮಳೆ ಸುರಿಯುತ್ತಿತ್ತು. ಮೈದಾನ ಕೆಸರುಗದ್ದೆಯಾಗಿತ್ತು. ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಓಡುವ ಕಾಲು ಹೂತುಹೋಗುತ್ತಿತ್ತು. ಎಂಬತ್ತು ನಿಮಿಷದಲ್ಲಿ ಎರಡೂ ಕಡೆ, ಎದುರಾಳಿಯ ಗೆರೆಯಾಚೆ ಚೆಂಡು ಊರಿ ಅಂಕ ಗಳಿಸುವ ಟ್ರೈ ಒಂದು ಕೂಡ ಬರಲಿಲ್ಲ. ನಿಯಾವ್ ಬ್ರಿಗ್ಸ್ ಒದ್ದ ಎರಡು ಪೆನಾಲ್ಟಿಗಳಿಂದ ಐರ್ಲೆಂಡ್ 6-3ರಿಂದ ಗೆದ್ದು ತನ್ನ ಮೊದಲ ಗ್ರ್ಯಾಂಡ್ ಸ್ಲಾಮ್ ಪಡೆಯಿತು. ನಾಯಕಿ ಫಿಯೋನಾ ಕಾಗ್ಲನ್ ಶಾಲಾ ಶಿಕ್ಷಕಿ. ಮರುವರ್ಷ ವಿಶ್ವಕಪ್‌ನಲ್ಲಿ ಇದೇ ತಂಡ ನ್ಯೂಜಿಲೆಂಡನ್ನು 17-14ರಿಂದ ಸೋಲಿಸಿತು. 2015ರಲ್ಲಿ ಮತ್ತೆ ಸಿಕ್ಸ್ ನೇಷನ್ಸ್ ಗೆದ್ದಿತು. ಆದರೆ ಮುಂದೆ? ಆ ಪೀಳಿಗೆ ನಿವೃತ್ತಿಯಾದಂತೆ ತಂಡ ಕುಸಿಯುತ್ತ ಬಂತು. ಪಾರ್ಮಾದ ಸೋಲುಗಳ ನಂತರ, 2021ರ ಡಿಸೆಂಬರ್‌ನಲ್ಲಿ, ಹಾಲಿ ಮತ್ತು ಮಾಜಿ ಆಟಗಾರ್ತಿಯರು 62 ಮಂದಿ ತಮ್ಮ ಒಕ್ಕೂಟದ ಮೇಲೆ ವಿಶ್ವಾಸ ಉಳಿದಿಲ್ಲವೆಂದು ಸರ್ಕಾರಕ್ಕೆ ಪತ್ರ ಬರೆದರು. ಪರಬಿಯಾಗೊದ ಕೆಸರಿನಲ್ಲಿ ಗೆದ್ದದ್ದು ಹದಿನೈದು ಜನರ ಛಲ. ಛಲವನ್ನು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟಿಸುವ ವ್ಯವಸ್ಥೆ ಅದರ ಹಿಂದೆ ಇರಲಿಲ್ಲ.

ತಿರುವು ಬಂದದ್ದು ಮಹಿಳೆಯರ ಪಂದ್ಯಕ್ಕೆ ಅದರದ್ದೇ ಊರು, ಅದರದ್ದೇ ದಿನ ಸಿಕ್ಕಾಗ. ಇದನ್ನು ಮೊದಲು ಕಂಡುಕೊಂಡವರು ಫ್ರೆಂಚರು. ಅವರು ಹೆಂಗಸರ ಪಂದ್ಯಗಳನ್ನು ರಾಜಧಾನಿಯ ದೊಡ್ಡ ಕ್ರೀಡಾಂಗಣಕ್ಕೆ ಜೋಡಿಸದೆ ಗ್ರೆನೋಬಲ್, ವಾನ್, ಬಯೋನ್‌ನಂಥ ಜಿಲ್ಲಾ ಊರುಗಳಿಗೆ ಒಯ್ದರು. 2018ರ ಮಾರ್ಚ್ 10ರಂದು ಗಂಡಸರ ಫ್ರಾನ್ಸ್-ಇಂಗ್ಲೆಂಡ್ ಪಂದ್ಯ ಪ್ಯಾರಿಸ್‌ನಲ್ಲಿತ್ತು. ಅದೇ ದಿನ ಹೆಂಗಸರ ಪಂದ್ಯ ಗ್ರೆನೋಬಲ್‌ನಲ್ಲಿ. ಆ ಊರಿನವರಿಗೆ ಅದು ಇನ್ನೊಂದರ ಬಾಲಂಗೋಚಿಯಾಗಿರಲಿಲ್ಲ, ತಮ್ಮ ಊರಿಗೆ ಬಂದ ದೇಶದ ಪಂದ್ಯವಾಗಿತ್ತು. 17 ಸಾವಿರಕ್ಕೂ ಹೆಚ್ಚು ಜನ ಬಂದರು. ಕೊನೆಯ ನಿಮಿಷಗಳಲ್ಲಿ ಜೆಸ್ಸಿ ತ್ರೆಮೂಲಿಯೇರ್ ಗಳಿಸಿದ ಟ್ರೈನಿಂದ ಫ್ರಾನ್ಸ್ 18-17ರಿಂದ ಗೆದ್ದಿತು. ಎರಡನೆಯ ಹೆಜ್ಜೆ ಆಕಸ್ಮಿಕವಾಗಿ ಬಂತು. 2021ರಲ್ಲಿ ಕೊರೊನಾ ಕಾರಣದಿಂದ ಮಹಿಳೆಯರ ಪಂದ್ಯಾವಳಿಯನ್ನು ಫೆಬ್ರುವರಿಯಿಂದ ಏಪ್ರಿಲ್‌ಗೆ ಮುಂದೂಡಿ, ಮೂರು ಮೂರು ತಂಡಗಳ ಎರಡು ಗುಂಪು ಮಾಡಿ ಚುಟುಕಾಗಿ ನಡೆಸಬೇಕಾಯಿತು. ಪುರುಷರ ಪಂದ್ಯಾವಳಿ ಮುಗಿದಿದ್ದರಿಂದ ಪತ್ರಿಕೆ, ಟೀವಿ, ಅಭಿಮಾನಿಗಳ ಗಮನವೆಲ್ಲ ಮೊದಲ ಬಾರಿಗೆ ಇದರ ಮೇಲೆ ಬಿತ್ತು. ಮರುವರ್ಷ ಹಳೆಯ ಐದು ಸುತ್ತಿನ ಸ್ವರೂಪ ಮರಳಿತು, ಆದರೆ ದಿನಾಂಕ ಮರಳಲಿಲ್ಲ. 2022ರಲ್ಲೇ ಮಹಿಳೆಯರ ಪಂದ್ಯಾವಳಿಗೆ ಅದರದ್ದೇ ಆದ ಮುಖ್ಯ ಪ್ರಾಯೋಜಕರೂ ಸಿಕ್ಕರು.

2023ರ ಏಪ್ರಿಲ್ 29ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಪ್ರಶಸ್ತಿಗಾಗಿ ಎದುರಾದವು. ಅಂದು ಅಲ್ಲಿ ಗಂಡಸರ ಪಂದ್ಯವಿರಲಿಲ್ಲ. ಇಂಗ್ಲೆಂಡಿನ ಮಹಿಳೆಯರು ಆ ಕ್ರೀಡಾಂಗಣದಲ್ಲಿ ತಮ್ಮದೊಂದೇ ಪಂದ್ಯಕ್ಕಾಗಿ ಇಳಿದದ್ದು ಅದೇ ಮೊದಲು. 58,498 ಜನ ಬಂದಿದ್ದರು. ಮಹಿಳಾ ರಗ್ಬಿಯಲ್ಲಿ ಅಲ್ಲಿಯವರೆಗೆ ಅಷ್ಟು ಜನ ಎಲ್ಲಿಯೂ ಸೇರಿರಲಿಲ್ಲ. ಮಧ್ಯಂತರದ ಹೊತ್ತಿಗೆ ಇಂಗ್ಲೆಂಡ್ 33-0ಯಿಂದ ಮುಂದಿತ್ತು. ಪಂದ್ಯ ಮುಗಿಯಿತು ಎಂದುಕೊಂಡವರೇ ಹೆಚ್ಚು. ಆದರೆ ದ್ವಿತೀಯಾರ್ಧದಲ್ಲಿ ಫ್ರಾನ್ಸ್ ಒಂದರ ಮೇಲೊಂದು ಟ್ರೈ ಗಳಿಸುತ್ತ 33 ಅಂಕ ಕೂಡಿಸಿತು. ಇಂಗ್ಲೆಂಡ್ ಉಸಿರು ಬಿಗಿಹಿಡಿದು 38-33ರಿಂದ ಪಾರಾಯಿತು. ಅಂದು ಬಂದವರು ಬೇರೆ ಪಂದ್ಯದ ಟಿಕೆಟ್ ಕೊಂಡು ಇದನ್ನೂ ನೋಡಿ ಹೋದವರಲ್ಲ. ಇದಕ್ಕೆಂದೇ ದುಡ್ಡು ಕೊಟ್ಟು ಬಂದವರು.

ಎರಡನೆಯ ಆಕ್ಷೇಪ ಹಣದ್ದು. ಇದೆಲ್ಲ ಸಾಧ್ಯವಾದದ್ದು ರಾಷ್ಟ್ರೀಯ ಒಕ್ಕೂಟಗಳು ಗಂಡಸರ ಪಂದ್ಯಗಳ ಆದಾಯದಿಂದ ಹೆಂಗಸರಿಗೆ ಸಂಬಳ ಕೊಟ್ಟಿದ್ದರಿಂದ. ಆ ಕೊಂಡಿ ಕಳಚಿದರೆ ಏನೂ ಉಳಿಯದು ಎನ್ನುತ್ತಾರೆ. ಹಣದ ಪಾತ್ರ ದೊಡ್ಡದೇ. ಇಂಗ್ಲೆಂಡ್ 2019ರ ಜನವರಿಯಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಗುತ್ತಿಗೆ ಕೊಟ್ಟಿತು. ಅಂದಿನಿಂದ 2025ರವರೆಗೆ ಪ್ರತಿ ವರ್ಷವೂ ಪ್ರಶಸ್ತಿ ಅದರದ್ದೇ. ವೇಲ್ಸ್ 2022ರ ಜನವರಿಯಲ್ಲಿ 12 ಮಂದಿಗೆ ಕೊಟ್ಟಿತು. ಆ ವರ್ಷವೇ ಐರ್ಲೆಂಡ್, ಸ್ಕಾಟ್ಲೆಂಡ್‌ಗಳನ್ನು ಸೋಲಿಸಿ ಮೂರನೆಯ ಸ್ಥಾನಕ್ಕೇರಿತು. ಐರ್ಲೆಂಡ್ 2022ರ ಕೊನೆಗೆ ಗುತ್ತಿಗೆ ಶುರು ಮಾಡಿತು. 2023ರಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡ 2024ರಲ್ಲಿ ಮೂರನೆಯದಾಯಿತು. ಹಣ ಬೇಕೇಬೇಕು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಆದರೆ ಒಕ್ಕೂಟಗಳ ಬೊಕ್ಕಸ 1995ರಿಂದಲೂ ತುಂಬುತ್ತಲೇ ಇತ್ತು. ಹಣವಿದ್ದೂ ಅದು ಸುಮಾರು ಇಪ್ಪತ್ತೈದು ವರ್ಷ ಇತ್ತ ಹರಿಯಲಿಲ್ಲ. ಹರಿದದ್ದು ಗ್ರೆನೋಬಲ್‌ನಂಥ ಊರುಗಳಲ್ಲಿ ಜನ ಬರುತ್ತಾರೆಂದು ಗೊತ್ತಾದ ಮೇಲೆ, ಐರ್ಲೆಂಡಿನ ಆಟಗಾರ್ತಿಯರು ಬಹಿರಂಗವಾಗಿ ಪತ್ರ ಬರೆದ ಮೇಲೆ, ಪಂದ್ಯಾವಳಿಗೆ ಸ್ವಂತ ಕಾಲ ಸಿಕ್ಕು ಅದರ ಮೌಲ್ಯವನ್ನು ಪ್ರತ್ಯೇಕವಾಗಿ ಅಳೆಯಲು ಬಂದ ಮೇಲೆ. ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬ್ತಾಗಿ ಇರುವವರೆಗೆ ಯಾವ ಆಟಕ್ಕೂ ಬಂಡವಾಳ ಸಿಗುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 1996ರಿಂದ 2025ರವರೆಗಿನ ಮೂವತ್ತು ಪ್ರಶಸ್ತಿಗಳಲ್ಲಿ 21 ಇಂಗ್ಲೆಂಡಿನ ಪಾಲಾಗಿವೆ. ಫ್ರಾನ್ಸ್‌ಗೆ ಆರು, ಐರ್ಲೆಂಡಿಗೆ ಎರಡು, ಸ್ಕಾಟ್ಲೆಂಡಿಗೆ ಒಂದು. ವೇಲ್ಸ್, ಸ್ಪೇನ್, ಇಟಲಿಗೆ ಒಂದೂ ಇಲ್ಲ. 2024ರಲ್ಲಿ ಇಂಗ್ಲೆಂಡ್ ಐರ್ಲೆಂಡನ್ನು 88-10ರಿಂದ ಬಡಿಯಿತು. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಪ್ರತ್ಯೇಕ ಪಂದ್ಯಾವಳಿಯ ಹೆಮ್ಮೆಗೆ ಏನರ್ಥ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಈ ಏಕಪಕ್ಷೀಯತೆಗೆ ಪ್ರತ್ಯೇಕ ವೇಳಾಪಟ್ಟಿ ಕಾರಣವಲ್ಲ. 2007ರಿಂದ 2012ರವರೆಗೆ, ಎಲ್ಲವೂ ಪುರುಷರ ಪಟ್ಟಿಗೆ ಹೊಂದಿಸಿ ನಡೆಯುತ್ತಿದ್ದ ಕಾಲದಲ್ಲೂ, ಇಂಗ್ಲೆಂಡ್ ಸತತ ಆರು ಸಲ ಗೆದ್ದಿತ್ತು. ಅಂತರಕ್ಕೆ ಕಾರಣ ಯಾರು ಮೊದಲು ಆಟಗಾರ್ತಿಯರ ಮೇಲೆ ಹಣ ಹೂಡಿದರು ಎಂಬುದು. ಉಳಿದವರು ಹೂಡತೊಡಗಿದ ಮೇಲೆ ಅಂತರ ಕಿರಿದಾಗುವ ಸೂಚನೆಗಳೂ ಇವೆ. 2025ರ ಏಪ್ರಿಲ್‌ನಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು ಮಣಿಸಿದ್ದು 43-42ರಿಂದ, ಒಂದೇ ಒಂದು ಅಂಕದ ಅಂತರದಿಂದ.

ಈ ಪಾಠ ನಮಗೂ ಹೊಸದಲ್ಲ. 2018ರ ಮೇ ತಿಂಗಳಲ್ಲಿ ಮುಂಬೈನಲ್ಲಿ ಐಪಿಎಲ್ ಪಂದ್ಯವೊಂದಕ್ಕೆ ಮೊದಲು ಮಟಮಟ ಮಧ್ಯಾಹ್ನ ಮಹಿಳೆಯರ ಒಂದು ಟಿ20 ಪ್ರದರ್ಶನ ಪಂದ್ಯ ನಡೆಯಿತು. ಮುಂದಿನ ವರ್ಷಗಳಲ್ಲೂ ಅದು ಐಪಿಎಲ್‌ನ ಅಂಚಿನಲ್ಲೇ ಉಳಿಯಿತು. 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ತನ್ನದೇ ದಿನಗಳಲ್ಲಿ, ತನ್ನದೇ ಹರಾಜಿನೊಂದಿಗೆ ಶುರುವಾಯಿತು. ಎರಡನೆಯ ವರ್ಷವೇ ಬೆಂಗಳೂರಿನ ತಂಡ ಕಪ್ ಎತ್ತಿತು. ಅದೇ ಹೆಸರಿನ ಗಂಡಸರ ತಂಡ ಹದಿನೇಳು ವರ್ಷ ಕಾದು ಐಪಿಎಲ್ ಗೆದ್ದದ್ದು ಅದರ ನಂತರ, 2025ರಲ್ಲಿ. ಆಟ ಬೇರೆ, ದೇಶ ಬೇರೆ. ಆದರೆ ಸ್ವಂತ ಅಂಗಳ ಸಿಕ್ಕ ಮೇಲೆ ಏನಾಗುತ್ತದೆ ಎಂಬುದು ಎರಡು ಕಡೆಯೂ ಒಂದೇ.

1991ರಲ್ಲಿ ಮಾನ್ಯತೆಯಿಲ್ಲದ ವಿಶ್ವಕಪ್ ನಡೆಸಿದ ಡೆಬೊರಾ ಗ್ರಿಫಿನ್ 2025ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟದ ಅಧ್ಯಕ್ಷೆಯಾದರು. 1871ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಅವರೇ ಮೊದಲ ಮಹಿಳಾ ಅಧ್ಯಕ್ಷೆ. ಅದೇ ಸೆಪ್ಟೆಂಬರ್ 27ರಂದು ಟ್ವಿಕನ್‌ಹ್ಯಾಮ್‌ನಲ್ಲಿ 81,885 ಜನರ ಮುಂದೆ ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಬಾಗಿಲಲ್ಲಿ ನಿಂತಿದ್ದವರು ಇಂದು ಮನೆಯ ಯಜಮಾನಿಕೆಯಲ್ಲಿದ್ದಾರೆ. ಆದ್ದರಿಂದಲೇ 2007ರಲ್ಲಿ ಆದದ್ದನ್ನು ಸರಿಪಡಿಸುವ ಹೊಣೆಯೂ ಅವರ ಮೇಲಿದೆ. ದಿನಾಂಕ ಸ್ವಂತದ್ದಾಗಿದೆ, ಪ್ರೇಕ್ಷಕರು ಸ್ವಂತದವರಾಗಿದ್ದಾರೆ, ಆಟಗಾರ್ತಿಯರಿಗೆ ಸಂಬಳ ಬಂದಿದೆ. ಇನ್ನೂ ಸ್ವಂತದ್ದಾಗದೆ ಉಳಿದಿರುವುದು ತಂಡಗಳ ಪಟ್ಟಿಯೊಂದೇ. ಮಹಿಳೆಯರ ಪಂದ್ಯಾವಳಿಯಲ್ಲಿ ಯಾರು ಆಡಬೇಕು ಎಂಬುದನ್ನು ಮಹಿಳೆಯರ ಪಂದ್ಯಗಳ ಫಲಿತಾಂಶವೇ ತೀರ್ಮಾನಿಸಬೇಕು. ಕೊನೆಯ ಸ್ಥಾನದ ತಂಡಕ್ಕೂ ಹೊರಗಿನ ಉತ್ತಮ ತಂಡಕ್ಕೂ ನಡುವೆ ಒಂದು ಅರ್ಹತಾ ಪಂದ್ಯ ಇಟ್ಟರೆ ಸಾಕು, ದಾರಿ ತೆರೆಯುತ್ತದೆ. 2025ರ ವಿಶ್ವಕಪ್‌ಗೆ ಸ್ಪೇನ್ ಮತ್ತೆ ಅರ್ಹತೆ ಗಳಿಸಿ ಬಂದಿತ್ತು. ಸಿಕ್ಸ್ ನೇಷನ್ಸ್‌ನ ಬಾಗಿಲು ಮಾತ್ರ ಅದಕ್ಕೆ ಇನ್ನೂ ತೆರೆದಿಲ್ಲ.